ಕಾರಿಗೋಸ್ಕರ ಗಂಡನ ಬಿಟ್ಟವಳು

ಹೊಳೆನರಸೀಪುರ
4 ಆಗಸ್ಟ್ 2024

ಅವ್ವ,

ಈ ಕಾಗದ ನೋಡಿ ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ನಿನಗೆ ಕಿವಿ ಮಂದ, ಫೋನನ್ನು ಸ್ಪೀಕರಿಗೆ ಹಾಕಿಕೊಂಡೇ ಮಾತಾಡುತ್ತೀಯ. ನಾನು ಅಂದಿದ್ದೆಲ್ಲ ಪಡಸಾಲೆಯಲ್ಲಿ ಕೂತ ಅಪ್ಪನಿಗೂ ಕೇಳುತ್ತೆ, ಬೀದಿಗೂ ಕೇಳುತ್ತೆ. ಹೋದ ವಾರ ಅಪ್ಪ ಫೋನು ಕಿತ್ತುಕೊಂಡು, ಗಂಡನ ಮನೆಗೆ ಹೋಗಿ ಅಲ್ಲಿಂದ ಮಾಡು ಅಂತ ಇಟ್ಟುಬಿಟ್ಟ. ಆಮೇಲೆ ನಂಬರೇ ಹೋಗುತ್ತಿಲ್ಲ. ಅದಕ್ಕೆ ಡೇರಿ ವಿಳಾಸಕ್ಕೆ ಬರೆಯುತ್ತಿದ್ದೇನೆ. ಹಾಲಿನ ಸಂಘದ ಕಾರ್ಯದರ್ಶಿ ನೀನು, ನಿನ್ನ ಹೆಸರಿಗೆ ಬಂದ ಕಾಗದವನ್ನು ಬೇರೆ ಯಾರೂ ಒಡೆಯಲಾರರು.

ಹಾಸನದ ಮನೆ ಬಿಟ್ಟು ಬಂದಿದ್ದೇನೆ. ನಾನು ಕೆಲಸ ಮಾಡುವ ರಕ್ತ ಪರೀಕ್ಷೆ ಲ್ಯಾಬಿನವರದ್ದೇ ಒಂದು ಶಾಖೆ ಇಲ್ಲಿದೆ. ಕೇಳಿದ ಕೂಡಲೇ ಇಲ್ಲಿಗೆ ಹಾಕಿಕೊಟ್ಟರು. ಅನಸೂಯಮ್ಮ ಅಂತ ರಿಟೈರ್ಡ್ ಸ್ಕೂಲ್ ಮೇಡಂ ಒಬ್ಬರ ಮನೆಯಲ್ಲಿ ಹಿಂದುಗಡೆಯ ರೂಮು ಹಿಡಿದಿದ್ದೇನೆ. ಕಾರು ನಿಲ್ಲಿಸುವಷ್ಟು ಕಾಂಪೌಂಡು ಇದೆ ಅಂತಲೇ ಹಿಡಿದೆ.

ಹೌದು, ಕಾರನ್ನೂ ತಂದಿದ್ದೇನೆ. ಮದುವೆಗೆ ಮುಂಚೆ ನನ್ನ ಸಂಬಳದಲ್ಲಿ ತಗೊಂಡಿದ್ದ ಅದೇ ಹಳೇ ಕಾರು. ಚಾವಣಿಯಲ್ಲಿ ಜರುಗುವ ಮೇಲಿನ ಗಾಜು, ಸನ್‌ರೂಫ್ ಅನ್ನುತ್ತಾರಲ್ಲ, ಅದು ಅರ್ಧ ತೆರೆದು ನಿಂತುಬಿಟ್ಟಿದೆ. ಸ್ವಿಚ್ಚು ಒತ್ತಿದರೆ ಅಲ್ಲಾಡುವುದಿಲ್ಲ. ಹಾಸನದಿಂದ ಇಲ್ಲಿಗೆ ಬರುವಷ್ಟೂ ದೂರ ಮಳೆ ನನ್ನ ತಲೆ ಮೇಲೇ ಸುರಿಯಿತು. ಬ್ರೇಕ್ ಹಾಕಿದಾಗೆಲ್ಲ ಕಾಲ ಹತ್ತಿರ ನೀರು ಮುಂದಕ್ಕೆ ಬಂದು ಹಿಂದಕ್ಕೆ ಹೋಗುತ್ತಿತ್ತು. ಈಗ ಮೇಲೆ ಟಾರ್ಪಾಲು ಕಟ್ಟಿದ್ದೇನೆ. ಒಳಗೆ ಬೂಷ್ಟು, ವಾಸನೆ.

ಒಬ್ಬ ಮೆಕ್ಯಾನಿಕ್‌ನನ್ನು ಕರೆದು ತೋರಿಸಿದೆ. ಸುತ್ತ ಒಂದು ಸಲ ನೋಡಿ, ಇದನ್ನು ಗುಜರಿಗೆ ಹಾಕಿ ಮೇಡಂ ಅಂದ. ನಾನು ಆಗಲ್ಲ ಅಂದಿದ್ದಕ್ಕೆ, ಹಂಗಾದ್ರೆ ನಿಮ್ಮ ಯಜಮಾನ್ರನ್ನ ಕಳಿಸಿ, ಮಾತಾಡ್ತೀನಿ ಅಂದ. ಅವನನ್ನು ಗೇಟಿನವರೆಗೂ ಬಿಟ್ಟು ಬಂದೆ. ನಾನೇ ಮಾಡುತ್ತೇನೆ ಅವ್ವ. ಸ್ಪ್ಯಾನರ್ ಸೆಟ್ಟು ತಂದಾಗಿದೆ.

ನಾನು ಕಾರಿಗೋಸ್ಕರ ಗಂಡನ ಬಿಟ್ಟೆ ಅಂತ ಹಾಸನದಲ್ಲಿ ಹೇಳಿಕೊಂಡು ತಿರುಗುತ್ತಿದ್ದಾರಂತೆ. ಹೇಳಲಿ.

ನಿನ್ನ,
ಸಿಂಧು

*

ಊರು
22ನೇ ತಾರೀಕು, ಆಗಸ್ಟ್

ಸಿಂಧು,

ನಿನ್ ಕಾಗದ ಬಂತು. ಓದಿ ಡೇರೀಲಿ ಹಾಲಿನ ಫ್ಯಾಟ್ ನೋಡೋ ಮಿಷನ್ ಕೆಳಗೆ ಮಡಗಿದೀನಿ, ಅಲ್ಲಿಗೆ ಯಾರೂ ಕೈ ಹಾಕಲ್ಲ.

ನೀನು ಮಾಡಿದ್ದು ನಂಗೆ ಸರಿ ಕಾಣ್ನಿಲ್ಲ ಕಣವ್ವ. ಗಂಡ ಹೆಂಡ್ತಿ ಅಂದ್ಮೇಲೆ ಮಾತು ಬತ್ತದೆ, ಓಯ್ತದೆ. ನಿಮ್ಮಪ್ಪ ಏನು ಕಮ್ಮಿ ಮಾತಾಡವ್ರಾ ನಂಗೆ. ಅಳಿಯಂದ್ರು ಫೋನ್ ಮಾಡಿದ್ರು. ಒಂದು ಹಳೇ ತಗಡು ಮಾರು ಅಂದಿದ್ದೇ ತಪ್ಪಾಯ್ತು ಅತ್ತೆ, ನಿಮ್ ಮಗಳು ನನ್ನೇ ಮಾರ್ಬುಟ್ಟು ಓದ್ಲು ಅಂತ ನಕ್ಕೊಂಡ್ ಯೋಳಿದ್ರು. ನಿಮ್ಮಪ್ಪಂಗೆ ತಲೆ ಎತ್ತಕ್ಕಾಗ್ತಿಲ್ಲ. ಹೊಗೆಸೊಪ್ಪು ಬೇಯ್ಸೋ ಬ್ಯಾರನ್ ಮನೆ ಹತ್ರಾನೆ ಉಣ್ತಾರೆ, ಅಲ್ಲೇ ಮನಿಕ್ಕತಾರೆ. ಜನ ಕೇಳ್ತಾರಲ್ಲ ಅಂತ.

ಗೌರಿ ಹಬ್ಬ ಬತ್ತಾ ಐತೆ. ಬಾಗಿನದ ಮಾತೆತ್ತಿದೆ. ಗಂಡನ ಮನೇಲಿಲ್ದಿರೋಳಿಗೆ ಬಾಗಿನ ಎಲ್ಲಿಗೆ ಕಳ್ಸೋದು ಅಂದ್ರು ನಿಮ್ಮಪ್ಪ.

ನೀನು ವಾಪಸ್ ಓಗು. ಕಾರು ಮಾರು. ನಾನು ಬೇರೆ ಏನು ಬರೀಲಿ.

ಕಾರೊಳಗೆ ನೀರು ನಿಂತಿದ್ರೆ ಮೊದ್ಲು ಬಳಿದು ಹಾಕು. ಕೆಳಗಡೆ ತುಕ್ಕು ತಿಂದ್ಬುಡ್ತದೆ. ನಮ್ ಹಾಲಿನ ಟ್ಯಾಂಕಿನ ಅಡೀಲಿ ಇಂಗೇ ಆಗಿತ್ತು.

ಇಂತಿ,
ರೇವಮ್ಮ

*

ಹೊಳೆನರಸೀಪುರ
15 ಸೆಪ್ಟೆಂಬರ್ 2024

ಅವ್ವ,

ಗೌರಿ ಹಬ್ಬದ ಹಿಂದಿನ ದಿನ ಅರಕಲಗೂಡು ಬಸ್ಸಿನ ಕಂಡಕ್ಟರು ಫೋನ್ ಮಾಡಿ, ನಿಮ್ಮ ಹೆಸರಲ್ಲಿ ಒಂದು ಗಂಟು ಬಂದಿದೆ, ಬಸ್‌ಸ್ಟ್ಯಾಂಡಿಗೆ ಬನ್ನಿ ಅಂದ. ಮೊರದ ಬಾಗಿನ ನೋಡಿ ಅಲ್ಲೇ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತೆ. ಬಳೆ, ಬಿಚ್ಚೋಲೆ, ಅಕ್ಕಿ, ಬೇಳೆ, ಬೆಲ್ಲ ಎಲ್ಲ ಸರಿ. ಅದರ ಕೆಳಗೆ ಅಪ್ಪನ ಹಳೇ ಪಂಚೆಯನ್ನು ಹರಿದು ಮಡಚಿ ಇಟ್ಟಿದ್ದೀಯಲ್ಲ, ಅದು ಯಾಕೆ ಅಂತ ಮನೆಗೆ ಬಂದಮೇಲೆ ಹೊಳೆಯಿತು. ಕಾರು ಒರೆಸಲಿಕ್ಕೆ ಅದಕ್ಕಿಂತ ಒಳ್ಳೆ ಬಟ್ಟೆ ಇಲ್ಲ. ನೀನು ವಾಪಸ್ ಹೋಗು ಅಂತ ಬರೆದಿದ್ದೂ ನನ್ನ ಹತ್ತಿರ ಇದೆ, ಈ ಪಂಚೆ ತುಂಡುಗಳೂ ಇವೆ. ಎರಡರಲ್ಲಿ ಯಾವುದನ್ನು ನಂಬಬೇಕೋ ಅದನ್ನು ನಂಬಿದ್ದೇನೆ.

ಏನೇನು ಮಾಡಿದೆ ಕೇಳು. ಮೊದಲು ಬ್ಯಾಟರಿ ವೈರು ಕಳಚಿದೆ. ಸೀಟುಗಳ ಬೋಲ್ಟು ಬಿಚ್ಚಿದೆ. ಒಂದು ಬೋಲ್ಟು ತುಕ್ಕಿಗೆ ಕಚ್ಚಿಕೊಂಡು ಬರಲೇ ಇಲ್ಲ. ಸ್ಪ್ಯಾನರಿಗೆ ಕಬ್ಬಿಣದ ಪೈಪು ಸಿಕ್ಕಿಸಿ ಅದರ ಮೇಲೆ ಹತ್ತಿ ನಿಂತೆ. ಆಮೇಲೆ ಬಂತು. ಸೀಟು, ಕಾರ್ಪೆಟ್ಟು, ಅದರ ಕೆಳಗಿನ ಸ್ಪಂಜು ಎಲ್ಲವನ್ನೂ ಮಹಡಿಗೆ ಹೊತ್ತು ಬಿಸಿಲಿಗೆ ಹಾಕಿದೆ. ಸ್ಪಂಜು ಹಿಂಡಿದರೆ ಬಕೆಟ್ಟಿಗಟ್ಟಲೆ ನೀರು. ಅನಸೂಯಮ್ಮನವರ ಸಂಡಿಗೆ ಪಕ್ಕದಲ್ಲೇ ಒಣ ಹಾಕಿದ್ದಕ್ಕೆ ಅವರು ಅರ್ಧ ದಿನ ಮಾತು ಬಿಟ್ಟರು. ಸಾಯಂಕಾಲ ತಾವೇ ಬಂದು, ಬೂಷ್ಟಿಗೆ ವಿನಿಗರ್ ನೀರು ಹಚ್ಚಿ ಉಜ್ಜು ಅಂದರು. ಉಜ್ಜಿದೆ. ಕೆಳಗಿನ ತಗಡಿನ ತುಕ್ಕನ್ನು ಕೆರೆದು ಬಣ್ಣ ಹೊಡೆದಿದ್ದೇನೆ.

ನೀರು ಒಳಗೆ ಬರುತ್ತಿದ್ದದ್ದಕ್ಕೆ ಇನ್ನೊಂದು ಕಾರಣವೂ ಸಿಕ್ಕಿತು. ಮೇಲಿನ ಗಾಜಿನ ಸುತ್ತ ಒಂದು ಸಣ್ಣ ಕಾಲುವೆ ಇರುತ್ತದೆ. ನಾಲ್ಕು ಮೂಲೆಗೂ ಒಂದೊಂದು ತೂತು, ಅಲ್ಲಿಂದ ತೆಳ್ಳಗಿನ ಪೈಪು ಬಾಗಿಲ ಕಂಬದೊಳಗೆ ಇಳಿದು ನೀರನ್ನು ಕೆಳಗೆ ಬಿಡುತ್ತದೆ. ಹಾಸನದ ಮನೆಯಲ್ಲಿ ಕಾರನ್ನು ಹೊಂಗೆ ಮರದ ಕೆಳಗೇ ನಿಲ್ಲಿಸು ಅನ್ನುತ್ತಿದ್ದರಲ್ಲ, ಹೂವು ಎಲೆ ಎಲ್ಲ ಕೊಳೆತು ತೂತಿಗೆ ಮೆತ್ತಿಕೊಂಡಿತ್ತು. ಸೈಕಲ್ ಬ್ರೇಕಿನ ತಂತಿಯನ್ನು ಮೆಲ್ಲಗೆ ಒಳಗೆ ಬಿಟ್ಟು ಆಡಿಸಿದೆ. ಜೋರಾಗಿ ಗಾಳಿ ಹೊಡೆದರೆ ಪೈಪು ಒಳಗೇ ಕಳಚಿಕೊಳ್ಳುತ್ತಂತೆ. ಒಂದು ಲೋಟ ನೀರು ಸುರಿದೆ. ಮುಂದಿನ ಚಕ್ರದ ಹಿಂದೆ ಕಪ್ಪು ನೀರು ಬಂತು, ಆಮೇಲೆ ಕಂದು, ಆಮೇಲೆ ತಿಳಿ.

ನಾನು ನಕ್ಕಿದ್ದು ಕೇಳಿ ಅನಸೂಯಮ್ಮ ಅಡುಗೆ ಮನೆಯಿಂದ ಹೊರಗೆ ಬಂದರು. ಇಲ್ಲಿಗೆ ಬಂದಮೇಲೆ ನಾನು ನಕ್ಕಿದ್ದು ಅದೇ ಮೊದಲಂತೆ.

ನಿನ್ನ,
ಸಿಂಧು

*

ಊರು
14ನೇ ತಾರೀಕು, ಅಕ್ಟೋಬರ್

ಸಿಂಧು,

ಆಯುಧ ಪೂಜೆ ದಿನ ಅಳಿಯಂದ್ರು ನಮ್ಮೂರಿಗೆ ಬಂದಿದ್ರು. ಹೊಸ ಕಾರು ತಗಂಡವ್ರೆ. ಮನೆ ಮುಂದೆ ನಿಲ್ಸಿ, ಮಾವನೋರೆ ನೀವೇ ಪೂಜೆ ಮಾಡಿ ಅಂದ್ರು. ನಿಮ್ಮಪ್ಪ ಕುಂಬಳಕಾಯಿ ಒಡುದ್ರು. ಬೀದಿ ತುಂಬ ಜನ. ಅಷ್ಟು ಜನದ ಮುಂದೆ ಅಳಿಯಂದ್ರು, ಇದು ಸಿಂಧುಗೇ ತಂದಿದ್ದು, ಅವಳು ಬಂದು ಪಕ್ಕದಲ್ಲಿ ಕೂತ್ರೆ ಸಾಕು, ನಾನೇ ಓಡಿಸ್ತೀನಿ ಅಂದ್ರು. ಎಲ್ರೂ ತಲೆದೂಗುದ್ರು. ಎಂಥ ಒಳ್ಳೆ ಹುಡ್ಗ ಅಂದ್ರು.

ನಿಮ್ಮಪ್ಪಂಗೆ ಅಷ್ಟೇ ಸಾಕಾಯ್ತು. ಶುಂಠಿ ಕಿತ್ತ ಮೇಲೆ ಹಾಸನದಲ್ಲಿ ಅಳಿಯಂದ್ರ ಸೋದರಮಾವನ ಮನೇಲಿ ಕೂತು ರಾಜಿ ಮಾಡೋದು ಅಂತ ಒಪ್ಕಂಡವ್ರೆ. ನೀನು ಬರ್ಬೇಕಂತೆ.

ಅಳಿಯಂದ್ರು ಎದ್ದೋದ್ಮೇಲೆ ಒಂದು ಯೋಚ್ನೆ ಬಂತು. ಅಷ್ಟೊತ್ತು ಕೂತಿದ್ರು, ಕಾಫಿ ಕುಡುದ್ರು, ಒಬ್ಬಟ್ಟು ತಿಂದ್ರು. ನೀನು ಯಂಗಿದೀಯ ಅಂತ ಒಂದು ಮಾತು ಕೇಳ್ನಿಲ್ಲ.

ನೀನೂ ಅಷ್ಟೇ. ಕಾರಿನ ತೂತಿನ ಸಮಾಚಾರ ಎಲ್ಲ ಬರೀತೀಯ. ಆ ಮನೆ ಯಾಕೆ ಬಿಟ್ಟೆ ಅನ್ನೋದು ಒಂದು ಸಾಲು ಬರ್ದಿಲ್ಲ. ನಾನು ಹೆತ್ತೋಳು. ಬರಿ.

ಇಂತಿ,
ರೇವಮ್ಮ

*

ಹೊಳೆನರಸೀಪುರ
3 ನವೆಂಬರ್ 2024

ಅವ್ವ,

ಸೀಟಿಲ್ಲದ, ಚಾವಣಿ ತೆರೆದ ಕಾರಿಗೆ ನಾನೂ ಆಯುಧ ಪೂಜೆ ಮಾಡಿದೆ. ಅನಸೂಯಮ್ಮ ಮಂಗಳಾರತಿ ಹಾಡಿದರು.

ಒಳಚಾವಣಿಯ ಬಟ್ಟೆ ನೆನೆದು ಜೋತುಬಿದ್ದಿತ್ತು. ಅದರ ಹಲಗೆಯನ್ನು ಹಿಂದಿನ ಬಾಗಿಲಿಂದ ಹೊರಗೆ ಎಳೆದು, ಪುಡಿಯಾಗಿದ್ದ ಹಳೇ ಸ್ಪಂಜನ್ನು ಕೆರೆದು, ಹೊಸ ಬಟ್ಟೆ ಅಂಟಿಸಿದೆ. ಬಹಳ ಚೆನ್ನಾಗಿ ಬಂತು ಅಂತ ಬೀಗಿದೆ. ಮೂರು ಮಧ್ಯಾಹ್ನದ ಬಿಸಿಲಿಗೆ ಅಂಟೆಲ್ಲ ಇಳಿದು ಬಟ್ಟೆ ನನ್ನ ತಲೆ ಮೇಲೇ ಬಿತ್ತು. ಮನೆಯಲ್ಲಿ ಬಳಸುವ ಅಂಟು ಕಾರಿನೊಳಗಿನ ಕಾವಿಗೆ ನಿಲ್ಲುವುದಿಲ್ಲ. ಹಾಸನದ ಸೀಟ್ ಕುಶನ್ ಅಂಗಡಿಯಿಂದ ಕಾವು ತಡೆಯುವ ಅಂಟು ತಂದು ಎಲ್ಲ ಮೊದಲಿಂದ ಮಾಡಿದೆ.

ನೀನು ಕೇಳಿದ್ದು ಇದನ್ನಲ್ಲ, ಗೊತ್ತು. ಬರೆಯುತ್ತೇನೆ.

ಮದುವೆಯಾದ ಹೊಸತರಲ್ಲೇ ರಜನೀಶ್‌ಗೆ ಆ ಕಾರು ಕಂಡರೆ ಆಗುತ್ತಿರಲಿಲ್ಲ. ಅದು ಹಳೇದು ಅಂತಲ್ಲ. ನಾನು ಅದರಲ್ಲಿ ಯಾರನ್ನೂ ಕೇಳದೆ ಕೆಲಸಕ್ಕೆ ಹೋಗಿ ಬರುತ್ತಿದ್ದೆ, ಅದಕ್ಕೆ. ಮಾರು ಅನ್ನುತ್ತಿದ್ದ. ನಾನು ಇಲ್ಲ ಅನ್ನುತ್ತಿದ್ದೆ. ಹೊಡೆದಿಲ್ಲ ಅವ್ವ, ಬೈದಿದ್ದೂ ಕಮ್ಮಿ. ಮೆತ್ತಗೆ, ನಗುನಗುತ್ತಲೇ ಒಂದೊಂದೇ ತೆಗೆದುಬಿಡುತ್ತಿದ್ದ. ಮೊದಲು ನನ್ನ ಬ್ಯಾಂಕ್ ಕಾರ್ಡು. ಆಮೇಲೆ ಲ್ಯಾಬಿನ ಗೆಳತಿಯರು ಮನೆಗೆ ಬರುವುದು. ಆಮೇಲೆ ನಿಮ್ಮನ್ನು ನೋಡಲಿಕ್ಕೆ ಊರಿಗೆ ಬರುವುದು. ಹೋದ ದೀಪಾವಳಿಗೆ ಯಾಕೆ ಬರಲಿಲ್ಲ ಅಂತ ನೀನು ಕೇಳಿದಾಗ ಜ್ವರ ಅಂದಿದ್ದೆ. ಜ್ವರ ಇರಲಿಲ್ಲ.

ಜುಲೈ ತಿಂಗಳು, ಜಡಿ ಮಳೆ. ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟು ನಿಂತಿದ್ದೆ. ಅವನು ಕಾರಿನ ಹತ್ತಿರ ಹೋಗಿ ಮೇಲಿನ ಗಾಜನ್ನು ತೆಗೆದ. ಕೀಲಿ ಜೇಬಿಗೆ ಹಾಕಿಕೊಂಡ. ಬಂದು ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕೂತ. ಮಳೆ ಒಳಗೆ ಬೀಳುತ್ತಿತ್ತು. ನಾನು ಕೀಲಿ ಕೇಳಿದೆ.

"ಮಾರ್ತೀನಿ ಅನ್ನು, ಮುಚ್ತೀನಿ" ಅಂದ.

ಕೋಪ ಇರಲಿಲ್ಲ ಅವನಿಗೆ. ಅದೇ ನನಗೆ ಇವತ್ತಿಗೂ ಮರೆಯಲಾಗುತ್ತಿಲ್ಲ. ಕೋಪದಲ್ಲಿ ಮಾಡಿದ್ದರೆ ನಾನೂ ಕೂಗಾಡಿ ಮುಗಿಸುತ್ತಿದ್ದೆನೇನೋ. ಅವನು ಕಾಫಿ ಕುಡಿಯುತ್ತಿದ್ದ. ನನ್ನ ಮುಖ ನೋಡುತ್ತಾ ಕುಡಿಯುತ್ತಿದ್ದ. ಅವರಮ್ಮ ಒಳಗಿಂದ ಬಂದು, ಕಾರು ನೋಡಿ, ನನ್ನನ್ನು ನೋಡಿ, ಅವನಿಗೆ ಇನ್ನೊಂದು ಲೋಟ ಕಾಫಿ ತಂದುಕೊಟ್ಟರು.

ಆ ದಿನ ಮಳೆ ನಿಲ್ಲಲಿಲ್ಲ. ಮಾರನೇ ದಿನವೂ ನಿಲ್ಲಲಿಲ್ಲ. ಮೂರನೇ ದಿನ ಬೆಳಿಗ್ಗೆ, ಇನ್ನು ಇದರಲ್ಲಿ ಏನೂ ಉಳಿದಿಲ್ಲ ಅಂತ ಅವನಿಗೇ ಅನ್ನಿಸಿರಬೇಕು, ಕೀಲಿಯನ್ನು ಟೀವಿ ಮೇಲೆ ಬಿಸಾಕಿ ತನ್ನ ಅಂಗಡಿಗೆ ಹೋದ. ನಾನು ಕೀಲಿ ತಗೊಂಡು ಹೋಗಿ ತಿರುಗಿಸಿದೆ. ಸ್ಟಾರ್ಟ್ ಆಯಿತು. ಬಟ್ಟೆ ತಗೊಳ್ಳಲಿಕ್ಕೂ ಮತ್ತೆ ಒಳಗೆ ಹೋಗಲಿಲ್ಲ.

ಇಷ್ಟೇ. ಇದನ್ನು ಯಾರಿಗೆ ಹೇಳಿದರೂ, ಒಂದು ಕಾರು ನೆನೆದಿದ್ದಕ್ಕಾ ಅನ್ನುತ್ತಾರೆ. ಅದಕ್ಕೇ ಯಾರಿಗೂ ಹೇಳಿರಲಿಲ್ಲ. ನೀನೂ ಅದನ್ನೇ ಅಂದರೆ, ಆ ಮಾತು ನನಗೆ ಬರೆಯಬೇಡ. ರಾಜಿಗೆ ನಾನು ಬರುವುದಿಲ್ಲ.

ಸಿಂಧು

*

ಊರು
29ನೇ ತಾರೀಕು, ನವೆಂಬರ್

ಸಿಂಧು,

ಕಾಗದ ಓದಿದೆ. ಇಷ್ಟು ದಿನ ಬರೀದೆ ಇದ್ದಿದ್ದಕ್ಕೆ ತಪ್ಪು ತಿಳ್ಕಬ್ಯಾಡ. ಕೂತ್ರೆ ಪೆನ್ನು ಓಡ್ತಿರಲಿಲ್ಲ.

ಆ ಎಲ್ಡನೇ ಲೋಟ ಕಾಫಿ ತಂದ್ಕೊಟ್ಟಿದ್ದು ಅವ್ರವ್ವನೇ ತಾನೆ? ನೀನು ಬರ್ದಿರೋದು ಸರಿಯಾಗಿ ಓದ್ದೆನಾ ಅಂತ ಕೇಳ್ತಾ ಇದೀನಿ.

ರಾಜಿಗೆ ನೀನು ಬರಬ್ಯಾಡ. ನಾನು ಓಯ್ತೀನಿ. ಹೆಂಗಸ್ರು ಯಾಕೆ ಅಂದ್ರು ನಿಮ್ಮಪ್ಪ. ನಾನು ಬತ್ತೀನಿ ಅಂದೆ. ನಿಮ್ಮಪ್ಪಂಗೆ ಇದ್ಯಾವ್ದೂ ನಾನು ಯೋಳಿಲ್ಲ. ಅವ್ರು ಕೇಳೋದು ಅವನ ಬಾಯಿಂದ್ಲೇ ಕೇಳ್ಲಿ.

ಇಂತಿ,
ರೇವಮ್ಮ

*

ಹೊಳೆನರಸೀಪುರ
19 ಜನವರಿ 2025

ಅವ್ವ,

ಹೌದು, ಅವರಮ್ಮನೇ.

ನೀನು ಇನ್ನೇನೂ ಕೇಳಲಿಲ್ಲ. ಕೇಳದೆ ಇದ್ದಿದ್ದಕ್ಕೆ ನಾನು ಎಷ್ಟು ಹಗುರಾದೆ ಅಂತ ಹೇಳಲಾರೆ. ಹಾಸನಕ್ಕೆ ಹೋಗಿ ಕಾಮಾಕ್ಷಮ್ಮ ಅನ್ನುವ ವಕೀಲರನ್ನು ಕಂಡು ಬಂದೆ. ವಿಚ್ಛೇದನಕ್ಕೆ ಅರ್ಜಿ ಹಾಕಿದ್ದೇನೆ. ಇದು ರಾಜಿಗೆ ಮುಂಚೆಯೇ ನಿನಗೆ ಗೊತ್ತಿರಲಿ. ನೀನು ಅಲ್ಲಿ ಏನೇ ಮಾತಾಡಿದರೂ ನಾನು ವಾಪಸ್ ಹೋಗುವುದಿಲ್ಲ.

ಕಾರಿನ ಕೆಲಸದಲ್ಲಿ ಉಳಿದಿದ್ದು ಗಾಜೊಂದೇ. ಒಳಗೆ ದೀಪದ ಪಕ್ಕದಲ್ಲಿ ಒಂದು ಮುಚ್ಚಳ ಇದೆ. ಅದನ್ನು ತೆಗೆದು ಆಲನ್ ಕೀ ಅನ್ನುವ ಡೊಂಕು ಕಡ್ಡಿ ಹಾಕಿ ಕೈಯಲ್ಲೇ ತಿರುಗಿಸಿದರೆ ಗಾಜು ಜರುಗಬೇಕು. ಒಂದು ಕಡೆ ಜರುಗಿತು, ಇನ್ನೊಂದು ಕಡೆ ನಿಂತಿತು. ಬಿಚ್ಚಿ ನೋಡಿದರೆ ಗಾಜನ್ನು ಹಿಡಿದು ಜಾರುವ ಪ್ಲಾಸ್ಟಿಕ್ ತುಂಡು ಮುರಿದಿತ್ತು. ಮೋಟಾರು ನೀರು ಕುಡಿದು ಸತ್ತಿತ್ತು. ಇಷ್ಟು ಹಳೇ ಮಾಡೆಲ್ಲಿಗೆ ಹೊಸ ಸಾಮಾನು ಎಲ್ಲೂ ಸಿಗುವುದಿಲ್ಲ.

ಊರೂರು ವಿಚಾರಿಸಿ ಕೊನೆಗೆ ಚನ್ನರಾಯಪಟ್ಟಣದ ಹೊರಗಿನ ಒಂದು ಗುಜರಿಯಲ್ಲಿ ಇದೇ ಮಾಡೆಲ್ಲಿನ ಕಾರು ಬಿದ್ದಿದೆ ಅಂತ ಗೊತ್ತಾಯಿತು. ಭಾನುವಾರ ಬಸ್ಸು ಹತ್ತಿ ಹೋದೆ. ಗುಜರಿ ನಡೆಸುವವರು ಬೆಟ್ಟಮ್ಮ ಅಂತ, ನಿನ್ನ ವಯಸ್ಸು. ಗೇಟಿನ ಹತ್ತಿರ ಮಂಚ ಹಾಕಿಕೊಂಡು ಕೂತಿದ್ದರು. ಮೇಲಿನ ಗಾಜಿನ ಸಾಮಾನು ಬೇಕು ಅಂದೆ. ಮೆಕ್ಯಾನಿಕ್ ಎಲ್ಲಿ ಅಂದರು. ನಾನೇ ಅಂದೆ. ನನ್ನ ಕೈ ನೋಡಿದರು. ಉಗುರಲ್ಲಿ ಇನ್ನೂ ಗ್ರೀಸ್ ಇತ್ತು. ಹಂಗಾದ್ರೆ ನೀನೇ ಬಿಚ್ಕೊ, ನಮ್ ಹುಡುಗ್ರು ಕೈ ಹಾಕುದ್ರೆ ಮುರೀತಾರೆ ಅಂತ ಒಳಗೆ ಬಿಟ್ಟರು.

ಆ ಕಾರು ಮುಂದೆ ನಜ್ಜುಗುಜ್ಜಾಗಿತ್ತು. ಮೇಲ್ಭಾಗಕ್ಕೆ ಒಂದು ಗೀರೂ ಇರಲಿಲ್ಲ. ಮೋಟಾರು, ಜಾರುವ ತುಂಡು, ಗಾಜಿನ ಸುತ್ತಿನ ರಬ್ಬರು ಎಲ್ಲ ಬಿಚ್ಚಿಕೊಂಡೆ. ಬಿಸಿಲಿಗೆ ಬಾಯಿ ಒಣಗಿತ್ತು. ಬೆಟ್ಟಮ್ಮ ಮಜ್ಜಿಗೆ ಕೊಟ್ಟು, ಇಷ್ಟು ಕಷ್ಟ ಯಾಕೆ ಪಡ್ತೀಯ, ಬೇರೆ ಕಾರು ತಗೋಬಾರದಾ ಅಂದರು. ತಗೋಬಹುದು, ಆದರೆ ಇದನ್ನು ಹಾಳು ಮಾಡಿದವನಿಗೆ ಇದು ಓಡುವುದು ಕಾಣಬೇಕು ಅಂದೆ. ಹೊರಡುವಾಗ ಮೋಟಾರನ್ನು ಗೋಣಿಚೀಲದಲ್ಲಿ ಸುತ್ತಿ ತಾವೇ ಆಟೋವರೆಗೂ ತಂದುಕೊಟ್ಟರು.

ನಿನ್ನ,
ಸಿಂಧು

*

ಊರು
17ನೇ ತಾರೀಕು, ಫೆಬ್ರವರಿ

ಸಿಂಧು,

ನೆನ್ನೆ ರಾಜಿ ಆಯ್ತು. ಆಯ್ತು ಅಂದ್ರೆ, ಆಗ್ನಿಲ್ಲ. ಪೂರ್ತಿ ಯೋಳ್ತೀನಿ ಕೇಳು.

ಅವ್ರ ಸೋದರಮಾವನ ಮನೆ ದೊಡ್ಡದು. ಗಂಡಸ್ರು ಒಂದ್ಕಡೆ ಸೋಫಾ ಮ್ಯಾಲೆ ಕೂತಿದ್ರು. ನನ್ನ ಅಡುಗೆ ಮನೆ ಕಡೆ ಬನ್ನಿ ಅಂತ ಕರುದ್ರು, ನಾನು ಓಗ್ಲಿಲ್ಲ. ನಿಮ್ಮಪ್ಪನ ಪಕ್ಕದಲ್ಲೇ ಕುರ್ಚಿ ಎಳ್ಕಂಡ್ ಕೂತೆ. ಸುಮಾರು ಹೊತ್ತು ಅವ್ರೇ ಮಾತಾಡುದ್ರು. ಹುಡುಗಿಗೆ ಹಟ ಜಾಸ್ತಿ, ಬುದ್ಧಿ ಯೋಳಿ ಕಳ್ಸಿ, ಕೇಸು ವಾಪಸ್ ತಗಸಿ, ಒಂದು ಹಳೇ ಕಾರಿಗೆ ಇಷ್ಟು ರಂಪ ಯಾರಾದ್ರೂ ಮಾಡ್ತಾರಾ ಅಂತ. ನಿಮ್ಮಪ್ಪ ಹೂಂ ಹೂಂ ಅಂತಿದ್ರು.

ನಾನು, ಒಂದು ಮಾತು ಕೇಳ್ಲಾ ಅಂದೆ. ಕೇಳಿ ಅಂದ್ರು. ಅವನ ಕಡೆ ತಿರುಗಿ ಕೇಳ್ದೆ.

"ಮಳೆ ಉಯ್ಯೋವಾಗ ಕಾರಿನ ಮೇಲಿನ ಗಾಜು ತೆಗ್ದೋರು ಯಾರಪ್ಪ?"

ಅವನು ತಲೆ ತಗ್ಗಿಸ್ಕಂಡು, ನಾನೇ ಅಂತ ಏನೋ ಅಂದ.

"ಕೇಳಿಸ್ನಿಲ್ಲ. ನಂಗೆ ಕಿವಿ ಮಂದ. ಜೋರಾಗಿ ಯೋಳು."

"ನಾನೇ ತೆಗ್ದಿದ್ದು" ಅಂದ.

"ಕೀಲಿ ಎಲ್ಲಿತ್ತು?"

ಮೆತ್ತಗೆ ಏನೋ ಅಂದ. ಕೇಳಿಸ್ನಿಲ್ಲ ಅಂದೆ. ಇನ್ನೊಂದ್ಸಲ ಅಂದ. ಆಗ್ಲೂ ಕೇಳಿಸ್ನಿಲ್ಲ ಅಂದೆ. ಅವನಿಗೆ ರೇಗೋಯ್ತು.

"ನನ್ ಜೇಬಲ್ಲಿತ್ತು" ಅಂತ ಕಿರುಚ್ದ. ಬಾಗ್ಲಲ್ಲಿ ನಿಂತಿದ್ದ ಡ್ರೈವರ್‌ಗೂ ಕೇಳಿಸ್ತು.

ನಾನು ಬಿಡ್ನಿಲ್ಲ. ಮೂರು ದಿನ ಮಳೆ ಉಯ್ತಲ್ಲ, ಅಷ್ಟೂ ಹೊತ್ತು ನೀನು ಏನ್ ಮಾಡ್ತಿದ್ದೆ ಅಂತ ಕೇಳ್ದೆ. ಅವ್ರವ್ವ ಸೆರಗು ಬಾಯಿಗೆ ಅಡ್ಡ ಹಿಡ್ಕಂಡ್ಲು. ಆ ಸೋದರಮಾವ ಮಧ್ಯ ಬಂದು, ಏನೋ ತಮಾಷೆಗೆ ಮಾಡಿರ್ತಾನೆ ಬಿಡಮ್ಮ ಅಂದ.

"ತಮಾಷೆ ಮಾಡೋರು ಮೂರು ದಿನ ಕೂತು ನೋಡಲ್ಲ. ನನ್ ಮಗಳು ಬರಲ್ಲ" ಅಂದೆ. ಎದ್ದೆ. ಅವ್ರು ಕೊಟ್ಟಿದ್ದ ಕಾಫಿ ಅಂಗೇ ಇತ್ತು.

ಬಸ್ಸಲ್ಲಿ ನಿಮ್ಮಪ್ಪ ಟಿಕೇಟು ತಗಂಡ್ರು. ಆಮ್ಯಾಕೆ, ನಿಂಗೆ ನಿಜ್ವಾಗ್ಲೂ ಕೇಳಿಸ್ನಿಲ್ವಾ ಅಂದ್ರು. ಮೊದ್ಲನೇ ಸಲಾನೇ ಕೇಳಿಸ್ತು ಅಂದೆ. ಕಿಟಕಿ ಕಡೆ ತಿರುಗ್ಕಂಡ್ರು. ಅರಕಲಗೂಡು ಬರೋವರ್ಗೂ ಆ ಕಡೆನೇ ನೋಡ್ತಿದ್ರು.

ಇಂತಿ,
ನಿಮ್ಮವ್ವ

*

ಊರು
18ನೇ ತಾರೀಕು, ಮಾರ್ಚ್

ಸಿಂಧು,

ಒಂದು ತಿಂಗಳಾಯ್ತು, ನಿಮ್ಮಪ್ಪ ನನ್ ಹತ್ರ ಬೇಕಾದಷ್ಟೇ ಮಾತು. ನೆನ್ನೆ ಉಣ್ಣೋವಾಗ ತಲೆ ಎತ್ತದೇನೆ, ಯುಗಾದಿಗೆ ಬೇಕಾರೆ ಬರ್ಲಿ ಅಂದ್ರು. ನಾನು ಇನ್ನೊಂದು ಮುದ್ದೆ ಇಕ್ಕಿದೆ. ಆಮ್ಯಾಕೆ ಅಂದ್ರು, ಕತ್ತಲಾದ್ಮೇಲೆ ಬರ್ಲಿ, ಕೆರೆ ಏರಿ ಮ್ಯಾಲಿಂದ ಬರ್ಲಿ, ಊರ ಮುಂದಿನ ದಾರಿ ಬ್ಯಾಡ. ಬೆಳಗಾಗೋಷ್ಟ್ರಲ್ಲಿ ಹೊರಡ್ಲಿ.

ನಾನು ಇದನ್ನ ಇದ್ದಂಗೆ ಬರ್ದಿದೀನಿ. ನಂದು ಏನೂ ಸೇರ್ಸಿಲ್ಲ. ನೋಡವ್ವ, ನಿನ್ನಿಷ್ಟ.

ಇಂತಿ,
ನಿಮ್ಮವ್ವ

*

ಹೊಳೆನರಸೀಪುರ
25 ಮಾರ್ಚ್ 2025

ಅವ್ವ,

ಯುಗಾದಿಗೆ ಬರುವುದಿಲ್ಲ. ಅಪ್ಪನಿಗೆ ಹೇಳು, ಕರೆದಿದ್ದು ಸಂತೋಷ. ಆದರೆ ನಾನು ಕದ್ದು ಬರುವಂಥದ್ದೇನೂ ಮಾಡಿಲ್ಲ. ಕತ್ತಲಲ್ಲಿ ಬಂದು ಕತ್ತಲಲ್ಲಿ ಹೋದರೆ, ಊರವರು ಅಂದಿದ್ದೆಲ್ಲ ನಿಜ ಅಂತ ನಾನೇ ಒಪ್ಪಿಕೊಂಡ ಹಾಗೆ. ನಾನು ಬಂದರೆ ಹಗಲಲ್ಲಿ, ಊರ ಮುಂದಿನ ದಾರಿಯಲ್ಲೇ ಬರುತ್ತೇನೆ. ಇಲ್ಲದಿದ್ದರೆ ಇಲ್ಲ.

ಕಾರಿನ ಗಾಜು ಕೂತಿತು. ಜಾರುವ ಹಳಿಯನ್ನು ತೊಳೆದು ಸಿಲಿಕೋನ್ ಗ್ರೀಸ್ ಹಚ್ಚಿದೆ. ಸಾದಾ ಎಣ್ಣೆ ಹಚ್ಚಿದರೆ ಧೂಳು ಕಚ್ಚುತ್ತದೆ. ಮೊದಲ ಸಲ ಕೂರಿಸಿದಾಗ ಗಾಜು ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಎತ್ತರ ನಿಂತು ಗಾಳಿಗೆ ಸೀಟಿ ಹೊಡೆಯುತ್ತಿತ್ತು. ಮತ್ತೆ ಸಡಿಲಿಸಿ, ಮತ್ತೆ ಬಿಗಿದೆ. ನಿನ್ನೆ ಸಾಯಂಕಾಲ ಗುಡುಗಿ ಈ ವರ್ಷದ ಮೊದಲ ಮಳೆ ಬಂತು. ಓಡಿಹೋಗಿ ಕಾರೊಳಗೆ ಕೂತೆ. ಅನಸೂಯಮ್ಮನೂ ಕೊಡೆ ಹಿಡಿದು ಬಂದು ಪಕ್ಕದಲ್ಲಿ ಕೂತರು. ಕೈಯಿಂದ ಮೇಲೆಲ್ಲ ತಡವಿ ನೋಡಿದೆವು. ಒಂದು ಹನಿ ಇಲ್ಲ. ಗಾಜಿನ ಮೇಲೆ ಮಳೆ ಬೀಳುವುದನ್ನು ಕೆಳಗಿಂದ ನೋಡುತ್ತಾ ಇಬ್ಬರೂ ಕೂತೇ ಇದ್ದೆವು.

ಇವತ್ತು ಬೆಳಿಗ್ಗೆ ಹಾಸನಕ್ಕೆ ಓಡಿಸಿಕೊಂಡು ಹೋದೆ. ಕಾಮಾಕ್ಷಮ್ಮನವರ ಹತ್ತಿರ ಕಾಗದಕ್ಕೆ ಸಹಿ ಹಾಕುವುದಿತ್ತು. ಬರುವಾಗ ಬೇಕೆಂದೇ ರಜನೀಶನ ಅಂಗಡಿ ಮುಂದಿನ ರಸ್ತೆಯಲ್ಲಿ ಬಂದೆ. ಮೇಲಿನ ಗಾಜು ತೆರೆದಿತ್ತು. ಅವನು ಬಾಗಿಲಲ್ಲೇ ನಿಂತಿದ್ದ. ನಾನು ನಿಲ್ಲಿಸಲೂ ಇಲ್ಲ, ಜೋರಾಗಿ ಓಡಿಸಲೂ ಇಲ್ಲ.

ನಿನ್ನ,
ಸಿಂಧು

*

ಊರು
29ನೇ ತಾರೀಕು, ಏಪ್ರಿಲ್

ಮಗಳೇ,

ಭಾನುವಾರ ನೀನು ಬಂದು ಓದ್ಯಲ್ಲ, ಅವತ್ತಿಂದ ಡೇರೀಲಿ ಅದೇ ಮಾತು. ಮಟಮಟ ಮಧ್ಯಾಹ್ನ, ಬಸ್‌ಸ್ಟಾಪಲ್ಲಿ ಅಷ್ಟು ಜನ ಕೂತಿರೋವಾಗ್ಲೇ ಬರ್ಬೇಕಿತ್ತಾ ಅಂತ ಕೆಲವ್ರು. ಒಳಗಡೆ ಎಲ್ಲ ಅವ್ಳೇ ಮಾಡವ್ಳಂತೆ ಅಂತ ಕೆಲವ್ರು. ನಾನು ಮುಂದಿನ ಸೀಟಲ್ಲಿ ಕೂತು ಅರಕಲಗೂಡಿಗೆ ಓಗಿ ಬಂದೆ ಅಂತ ಎಲ್ರೂ. ತಲೆ ಮ್ಯಾಲೆ ಗಾಳಿ ಬೀಸ್ತಿದ್ರೆ ಮಾತೆಲ್ಲ ಹಾರೋಯ್ತಿತ್ತು ಕಣವ್ವ, ನೀನು ಅಂದಿದ್ದು ಒಂದೂ ಕೇಳ್ನಿಲ್ಲ ನಂಗೆ. ಸುಮ್ನೆ ತಲೆ ಆಡುಸ್ತಿದ್ದೆ.

ನಿಮ್ಮಪ್ಪ ನೀನು ಓಗೋವರ್ಗೂ ದನದ ಹಟ್ಟಿಯಿಂದ ಈಚೆಗೆ ಬರ್ನಿಲ್ಲ. ನೀನು ಏನೂ ಅನ್ನಿಲ್ಲ, ಆದ್ರೆ ಗೇರ್ ಹಾಕೋವಾಗ ಒಂದ್ಸಲ ಆ ಕಡೆ ನೋಡ್ದೆ. ನಾನು ಕಂಡೆ. ಅದಕ್ಕೆ ಇದನ್ನ ಬರೀತಾ ಇದೀನಿ.

ಇವತ್ತು ಸಾಯಂಕಾಲ ನಿಮ್ಮಪ್ಪ ಡೇರಿಗೆ ಹಾಲು ತಂದಿದ್ರು. ಸಾಲು ದೊಡ್ಡದಿತ್ತು. ಹಿಂದೆ ನಿಂತಿದ್ದ ಕುಮಾರ, ನಮ್ ಮೇಲಿನ ಹೊಲದೋನು, ಎಲ್ರಿಗೂ ಕೇಳೋ ಅಂಗೆ, ಏನ್ ಕೆಂಪಣ್ಣ, ಮಗಳು ಗಂಡನ್ನ ಕೋರ್ಟಿಗೆ ಎಳುದ್ಲಂತಲ್ಲ ಅಂದ. ಎಲ್ಲ ನಿಮ್ಮಪ್ಪನ ಮುಖ ನೋಡುದ್ರು. ನಾನು ಹಾಲು ಅಳೀತಿದ್ದೆ. ತಲೆ ಎತ್ನಿಲ್ಲ.

ನಿಮ್ಮಪ್ಪ ಕ್ಯಾನು ಕೆಳಗಿಟ್ರು.

"ಎಳುದ್ಲು. ಬರೋ ತಾರೀಕಿಗೆ ನಾನೂ ಓಯ್ತಾ ಇದೀನಿ. ಬತ್ತೀಯಾ ನೀನು?"

ಕುಮಾರ ತನ್ ಕ್ಯಾನಿನ ಮುಚ್ಚಳ ಬಿಗಿ ಮಾಡ್ಕಂಡ. ಸಾಲು ಮುಂದಕ್ಕೆ ಬಂತು. ನಿಮ್ಮಪ್ಪ ಹಾಲು ಸುರುದ್ರು, ನಾನು ಫ್ಯಾಟ್ ಬರ್ಕಂಡೆ. ಚೀಟಿ ಇಸ್ಕಳೋವಾಗ ತಾರೀಕು ಯಾವತ್ತು ಅಂದ್ರು. ಜೂನ್ ಒಂಬತ್ತು, ಸೋಮವಾರ ಅಂದೆ, ಸಾಲಲ್ಲಿ ಕೊನೇಲಿ ನಿಂತೋರಿಗೂ ಕೇಳೋ ಅಂಗೆ.

ಇಂತಿ,
ನಿಮ್ಮವ್ವ ರೇವಮ್ಮ